ತಾರಸಿಯ ಪರ್ಗೋಲಾಕ್ಕೆ ಎಳೆದು ಮಡಚುವ ಬಟ್ಟೆಯ ಚಪ್ಪರ

ಪ್ರಶ್ನೆ: ಮೈಸೂರಿನ ನಮ್ಮ ಮನೆಯ ತಾರಸಿಯಲ್ಲಿ ಎರಡು ಇಂಚಿನ ಚೌಕ ಕಬ್ಬಿಣದ ಪೈಪಿನಿಂದ ಪರ್ಗೋಲಾ, ಅಂದರೆ ಕಂಬಗಳ ಮೇಲೆ ಅಡ್ಡ ಪೈಪುಗಳಷ್ಟೇ ಇರುವ ತೆರೆದ ಚೌಕಟ್ಟು, ಮಾಡಿಸಿದ್ದೇವೆ. ಪೂರ್ವ ಪಶ್ಚಿಮವಾಗಿ 12 ಅಡಿ ಉದ್ದ, 10 ಅಡಿ ಅಗಲ, 8 ಅಡಿ ಎತ್ತರ. ಪೂರ್ವಕ್ಕೆ ಮೆಟ್ಟಿಲ ಕೋಣೆಯ ಗೋಡೆಯಿದೆ, ಪಶ್ಚಿಮ ಪೂರ್ತಿ ತೆರೆದಿದೆ. ಮೊದಲು ಹಸಿರು ನೆರಳು ಬಲೆ ಕಟ್ಟಿದೆವು. ಏಪ್ರಿಲ್ ಗಾಳಿಗೆ ಅದರ ಅಂಚು ಹರಿಯಿತು. ಆಮೇಲೆ ಟಾರ್ಪಾಲಿನ್ ಹಾಕಿದೆವು. ಒಂದೇ ಮಳೆಗೆ ನಡುವೆ ನೀರು ನಿಂತು ಅಡ್ಡ ಪೈಪು ಬಾಗಿತು. ನನಗೆ ಹೊಲಿಗೆ ಬರುತ್ತದೆ, ಮನೆಯಲ್ಲಿ ಯಂತ್ರವೂ ಇದೆ. ಬೇಕಾದಾಗ ಎಳೆದು ಬೇಡವಾದಾಗ ಮಡಚುವಂತಹ ಬಟ್ಟೆಯ ನೆರಳನ್ನು ನಾನೇ ಮಾಡಿಕೊಳ್ಳಬಹುದೇ? ಮಧ್ಯಾಹ್ನದ ಮೇಲೆ ಅಮ್ಮ ಅಲ್ಲಿ ಕುಳಿತುಕೊಳ್ಳುತ್ತಾರೆ. ಇದಕ್ಕೆ ಮೋಟಾರು ಬೇಕೇ?

ಉತ್ತರ: ಖಂಡಿತ ಮಾಡಿಕೊಳ್ಳಬಹುದು. ಮೋಟಾರಿನ ವಿಷಯವನ್ನು ಕೊನೆಗೆ ಹೇಳುತ್ತೇನೆ. ಶಾಮಿಯಾನ, ಅಂಗಡಿಯ ಮುಂದಿನ ಬಟ್ಟೆಯ ಮಾಡು, ಹೋಟೆಲಿನ ಅಂಗಳದ ನೆರಳು, ಇವುಗಳನ್ನು ಅಳೆದು ಹೊಲಿಸಿ ಕಟ್ಟಿಸುವುದೇ ನನ್ನ ಕಸುಬು. ಆ ಅನುಭವದಿಂದ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಬಲೆ ಹರಿದದ್ದು, ಟಾರ್ಪಾಲಿನ್ ನೀರು ಹಿಡಿದದ್ದು ಎರಡು ಬೇರೆ ಬೇರೆ ತಪ್ಪುಗಳಲ್ಲ. ಎರಡನ್ನೂ ನೀವು ಬಿಗಿದು ಕಟ್ಟಿದ್ದಿರಿ. ಕಟ್ಟಿದ್ದನ್ನು ಬಿಚ್ಚಲು ಏಣಿ ಬೇಕು, ಗಾಳಿ ಏಳುವ ಹೊತ್ತಿನಲ್ಲಿ ಯಾರೂ ಏಣಿ ಹತ್ತಬಾರದು. ಆದ್ದರಿಂದ ಬಟ್ಟೆಯನ್ನು ಹೇಗೆ ಹರಡುವುದು ಎಂಬುದಕ್ಕಿಂತ, ನೆಲದ ಮೇಲೆ ನಿಂತು ಒಂದೇ ಕೈಯಲ್ಲಿ ಹೇಗೆ ಒಳಕ್ಕೆ ಎಳೆದುಕೊಳ್ಳುವುದು ಎಂಬುದನ್ನು ಮೊದಲು ಯೋಚಿಸೋಣ. ಬಟ್ಟೆ, ಬಣ್ಣ, ಹೊಲಿಗೆ ಎಲ್ಲವೂ ಅದರ ಹಿಂದೆ ಬರಲಿ.

ಗಾಳಿಯ ಬಲ ಎಷ್ಟೆಂದು ಕೈಲೆಕ್ಕದಲ್ಲಿ ನೋಡಿ. ಗಾಳಿಯ ವೇಗವನ್ನು ಸೆಕೆಂಡಿಗೆ ಇಷ್ಟು ಮೀಟರ್ ಎಂದು ಹಿಡಿದು, ಅದನ್ನು ಅದರಿಂದಲೇ ಗುಣಿಸಿ, ಮತ್ತೆ 0.6ರಿಂದ ಗುಣಿಸಿದರೆ ಒಂದು ಚದರ ಮೀಟರಿನ ಮೇಲೆ ಬೀಳುವ ಒತ್ತಡ ನ್ಯೂಟನ್‌ಗಳಲ್ಲಿ ಸಿಗುತ್ತದೆ. ಕಟ್ಟಡಗಳ ಗಾಳಿಯ ಭಾರಕ್ಕೆ ಸಂಬಂಧಿಸಿದ ಭಾರತೀಯ ಮಾನಕ ಐಎಸ್ 875ರ ಮೂರನೇ ಭಾಗದಲ್ಲಿರುವ ಸೂತ್ರ ಇದೇ. ಮಳೆಗೆ ಮುಂಚೆ ಏಳುವ ಸಾಧಾರಣ ಬಿರುಗಾಳಿ ಗಂಟೆಗೆ 54 ಕಿಲೋಮೀಟರ್, ಅಂದರೆ ಸೆಕೆಂಡಿಗೆ 15 ಮೀಟರ್ ಎಂದುಕೊಳ್ಳಿ. ಒತ್ತಡ 135 ನ್ಯೂಟನ್, ಸುಮಾರು 14 ಕೆ.ಜಿ. ನಿಮ್ಮ ಪರ್ಗೋಲಾದ ವಿಸ್ತಾರ 11 ಚದರ ಮೀಟರ್. ಗಾಳಿ ಬಟ್ಟೆಗೆ ನೇರವಾಗಿ ಬಡಿದರೆ 150 ಕೆ.ಜಿ. ಎಳೆತ, ಇಬ್ಬರು ದಪ್ಪನೆಯ ಆಳುಗಳು ಅದಕ್ಕೆ ಜೋತುಬಿದ್ದ ಹಾಗೆ. ಅದೇ ಮಾನಕ ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರ್, ಮಂಗಳೂರಿಗೆ 39 ಮೀಟರ್ ಮೂಲವೇಗವನ್ನು, ಅಂದರೆ ಕಟ್ಟಡ ತಾಳಬೇಕಾದ ಗಾಳಿಯ ವೇಗವನ್ನು, ಲೆಕ್ಕಕ್ಕೆ ಹಿಡಿಯುತ್ತದೆ. 33ರ ಲೆಕ್ಕ ಹಾಕಿದರೆ ನಿಮ್ಮ ಬಟ್ಟೆಯ ಮೇಲೆ 700 ಕೆ.ಜಿ.ಗೂ ಹೆಚ್ಚು ಬೀಳುತ್ತದೆ. ಅಂತಹ ಗಾಳಿಯನ್ನು ಎದುರಿಸುವ ಬಟ್ಟೆಯನ್ನು ಮನೆಯಲ್ಲಿ ಹೊಲಿಯಲು ಆಗುವುದಿಲ್ಲ, ಹೊಲಿಯಬೇಕಾಗಿಯೂ ಇಲ್ಲ. ಗಾಳಿ ಬಂದಾಗ ಬಟ್ಟೆ ಅಲ್ಲಿ ಇರದಿದ್ದರೆ ಸಾಕು.

ನೀರಿನ ಲೆಕ್ಕವೂ ಹೀಗೆಯೇ. ಟಾರ್ಪಾಲಿನ್ನಿನ ನಡುವೆ ನಾಲ್ಕು ಚದರ ಮೀಟರಿನಷ್ಟು ಜಾಗದಲ್ಲಿ ಮೂರು ಇಂಚು ನೀರು ನಿಂತರೂ 300 ಲೀಟರ್, ಎಂದರೆ 300 ಕೆ.ಜಿ. ನಿಮ್ಮ ಪೈಪು ಬಾಗಿದ್ದರಲ್ಲಿ ಆಶ್ಚರ್ಯವಿಲ್ಲ. ಆ ಬಾಗಿದ ಪೈಪನ್ನು ಬದಲಾಯಿಸಿ, ಅದರ ಎರಡು ತುದಿಯ ವೆಲ್ಡಿಂಗಿನಲ್ಲಿ ಬಿರುಕು ಇದೆಯೇ ಎಂದು ನೋಡಿದ ನಂತರವೇ ಮುಂದಿನ ಕೆಲಸ. ಕಂಬಗಳ ಬುಡವನ್ನೂ ನೋಡಿ. ನಾಲ್ಕು ಬೋಲ್ಟುಗಳ ತಗಡಿನ ಪಾದವಿದ್ದು ಅದು ಕಾಂಕ್ರೀಟಿಗೆ ಕಚ್ಚಿಕೊಂಡಿದ್ದರೆ ಸರಿ. ಕಂಬವನ್ನು ಬರೀ ಇಟ್ಟಿಗೆಯ ಮೋಟುಗೋಡೆಗೆ ಬಿಗಿದಿದ್ದರೆ ಅದಕ್ಕೆ ಬಟ್ಟೆ ಹಾಕಬೇಡಿ. ನಾಲ್ಕೂವರೆ ಇಂಚಿನ ಮೋಟುಗೋಡೆಯಿಂದ ಬೋಲ್ಟು ಗಾರೆಯ ಸಮೇತ ಕಿತ್ತುಬಂದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಇನ್ನು ನೆರಳು. ಹೆಚ್ಚಿನವರು ಇಲ್ಲಿ ಎಡವುತ್ತಾರೆ. ಚಪ್ಪರದ ಕೆಳಗೇ ನೆರಳು ಬೀಳುತ್ತದೆ ಎಂಬುದು ನಡುಮಧ್ಯಾಹ್ನಕ್ಕೆ ಮಾತ್ರ ನಿಜ. ಮೈಸೂರಿನಲ್ಲಿ ಏಪ್ರಿಲ್ 22, 23ರ ಹೊತ್ತಿಗೆ ಸೂರ್ಯ ನಡುನೆತ್ತಿಗೆ ಬರುತ್ತಾನೆ. ಆದರೆ ಅಲ್ಲಿ ನಡುಹಗಲು ಆಗುವುದು ಗಡಿಯಾರದ ಹನ್ನೆರಡಕ್ಕಲ್ಲ, ಹನ್ನೆರಡೂ ಇಪ್ಪತ್ತು ದಾಟಿದ ಮೇಲೆ. ಅಲ್ಲಿಂದ ಮೂರು ಗಂಟೆ ಕಳೆದರೆ, ಅಂದರೆ ಸುಮಾರು ಮೂರೂ ಇಪ್ಪತ್ತಕ್ಕೆ, 8 ಅಡಿ ಎತ್ತರದ ಬಟ್ಟೆಯ ನೆರಳು ನೆಲದ ಮೇಲೆ ಹೆಚ್ಚುಕಡಿಮೆ 8 ಅಡಿ ಪೂರ್ವಕ್ಕೆ ಸರಿದಿರುತ್ತದೆ. ನಾಲ್ಕೂ ಇಪ್ಪತ್ತಕ್ಕೆ 13 ಅಡಿ. ನಿಮ್ಮ ಪರ್ಗೋಲಾದ ಉದ್ದವೇ 12 ಅಡಿ. ಅಮ್ಮ ಕುರ್ಚಿ ಹಾಕಿಕೊಂಡು ಕುಳಿತ ಹೊತ್ತಿಗೆ ಮೇಲೆ ಬಟ್ಟೆ ಪೂರ್ತಿ ಹರಡಿಯೇ ಇರುತ್ತದೆ, ಆದರೆ ಅದರ ನೆರಳು ಮೆಟ್ಟಿಲ ಕೋಣೆಯ ಗೋಡೆಯ ಮೇಲೆ ಬಿದ್ದಿರುತ್ತದೆ. ಅವರ ಮಡಿಲಲ್ಲಿ ಬಿಸಿಲು! ಹೀಗಾಗಿ ನಿಮಗೆ ಬೇಕಾದದ್ದು ಎರಡು ವಸ್ತು: ತಲೆಯ ಮೇಲೆ ಬಟ್ಟೆ, ಪಶ್ಚಿಮಕ್ಕೆ ಇಳಿಬಿಟ್ಟ ಪರದೆ.

ಪಶ್ಚಿಮದ ಪರದೆಗೆ ಹೊಸದನ್ನು ಕೊಳ್ಳಬೇಡಿ. ಹರಿದ ನೆರಳು ಬಲೆಯ ಒಳ್ಳೆಯ ಭಾಗವನ್ನು ಕತ್ತರಿಸಿ, ಸುತ್ತ ಎರಡು ಇಂಚಿನ ಪಾಲಿಯೆಸ್ಟರ್ ಪಟ್ಟಿ ಕೊಟ್ಟು ಹೊಲಿಯಿರಿ. ಮೇಲಂಚಿಗೆ ಅರ್ಧ ಅಡಿಗೊಂದು ಐಲೆಟ್ (ಲೋಹದ ಅಂಚಿನ ತೂತು) ಹೊಡೆಸಿ, ಉಂಗುರ ಹಾಕಿ, ಪಶ್ಚಿಮದ ತೊಲೆಯ ಕೆಳಗೆ ಎಳೆದ ತಂತಿಯ ಮೇಲೆ ಕಿಟಕಿಯ ಪರದೆಯ ಹಾಗೆ ಪಕ್ಕಕ್ಕೆ ಸರಿಯುವಂತೆ ಮಾಡಿ. ಬಲೆಯಾದ್ದರಿಂದ ಸಂಜೆಯ ಗಾಳಿ ಒಳಗೆ ಬರುತ್ತದೆ. ಅಲ್ಲಿ ಮುಚ್ಚಿದ ಬಟ್ಟೆ ಹಾಕಿದರೆ ಅದು ಹಾಯಿಯಂತೆ ಉಬ್ಬಿ ಇಡೀ ಚೌಕಟ್ಟನ್ನು ತಳ್ಳುತ್ತದೆ.

ಮೇಲಿನ ಬಟ್ಟೆಗೆ ಬರೋಣ. ಹತ್ತಡಿ ಅಗಲದ ಒಂದೇ ಬಟ್ಟೆ ಬೇಡ. ಎರಡು ಸಾಲು ಮಾಡಿ. ಪ್ರತಿ ಸಾಲಿಗೆ ಪೂರ್ವದ ತೊಲೆಯಿಂದ ಪಶ್ಚಿಮದ ತೊಲೆಗೆ ಎರಡು ಸ್ಟೀಲ್ ರೋಪು, ಒಟ್ಟು ನಾಲ್ಕು. ಸಿದ್ಧವಾದ ಬಟ್ಟೆಯ ಅಗಲ 52 ಇಂಚು, ಅದರೊಳಗೆ ತೂರಿಸುವ ಕೋಲು 56 ಇಂಚು, ಎರಡು ರೋಪುಗಳ ನಡುವೆ 54 ಇಂಚು. ಕಂಬಗಳ ಒಳಗಿನ 116 ಇಂಚಿನಲ್ಲಿ ಈ ಎರಡು ಸಾಲುಗಳು ಕುಳಿತು, ನಡುವೆ ಆರು ಇಂಚಿನ ಸಂದು ಉಳಿಯುತ್ತದೆ. ಸಂದಿನಿಂದ ಒಂದು ಬಿಸಿಲಿನ ಪಟ್ಟಿ ಬೀಳುತ್ತದೆಂದು ಬೇಸರ ಪಡಬೇಡಿ. ಬಟ್ಟೆಯ ಕೆಳಗೆ ಸೇರುವ ಬಿಸಿ ಗಾಳಿ ಹೊರಹೋಗಲು ಅದೇ ದಾರಿ, ಗಾಳಿ ಏಕಾಏಕಿ ಎದ್ದಾಗ ಒತ್ತಡ ಇಳಿಯುವುದೂ ಅದರಿಂದಲೇ. ಜೊತೆಗೆ ಅಗಲ ಕಡಿಮೆಯಾದ್ದರಿಂದ ಬಟ್ಟೆಯ ನಡುವೆ ಜೋಡಣೆಯ ಹೊಲಿಗೆ ಬರುವುದಿಲ್ಲ. ಬಟ್ಟೆ ಮೊದಲು ಹರಿಯುವುದು ಅಂತಹ ಹೊಲಿಗೆಯಲ್ಲೇ.

3 ಮಿಲಿಮೀಟರ್ ದಪ್ಪದ ಸ್ಟೇನ್‌ಲೆಸ್ ಸ್ಟೀಲ್ ರೋಪು ಸಾಕು. ಅಡ್ಡ ಪೈಪುಗಳಿಗಿಂತ ನಾಲ್ಕು ಇಂಚು ಕೆಳಗೆ ಅದು ಓಡಲಿ. ಒಂದು ತುದಿಗೆ ಕಣ್ಣಿನ ಬೋಲ್ಟು, ಇನ್ನೊಂದು ತುದಿಗೆ ತಿರುಗಿಸಿ ಬಿಗಿಮಾಡುವ ಟರ್ನ್‌ಬಕಲ್. ಬೋಲ್ಟು ತೊಲೆಯ ಪೈಪನ್ನು ಪೂರ್ತಿ ಹಾದು ಆಚೆ ಬದಿಯಲ್ಲಿ ಅಗಲವಾದ ವಾಷರು, ನಟ್ಟು ಪಡೆಯಬೇಕು. ಬರೀ ತಿರುಪು ಮೊಳೆ ಹಾಕಿದರೆ ತೆಳು ಪೈಪಿನಿಂದ ಅದು ಒಂದು ದಿನ ಜಾರುತ್ತದೆ. ರೋಪಿನ ತುದಿಯನ್ನು ಮಡಚಿ ಯು ಕ್ಲಾಂಪು ಹಾಕುವಾಗ ಒಂದು ವಿಷಯ ನೆನಪಿಡಿ. ಕ್ಲಾಂಪಿನ ಹಲ್ಲಿರುವ ದಪ್ಪ ಭಾಗ ಭಾರ ಹೊರುವ ಉದ್ದನೆಯ ಎಳೆಯ ಮೇಲೆ ಕೂರಬೇಕು, ಯು ಆಕಾರದ ಕಂಬಿ ಮಡಚಿ ಬಂದ ಗಿಡ್ಡ ತುಂಡಿನ ಮೇಲೆ. ತಿರುಗುಮುರುಗಾದರೆ ಕಂಬಿ ಭಾರದ ಎಳೆಯನ್ನೇ ಜಜ್ಜಿ ಅರೆಕಡಿದಂತೆ ಮಾಡುತ್ತದೆ. ತುದಿಗೆ ಎರಡೆರಡು ಕ್ಲಾಂಪು ಇರಲಿ.

ರೋಪನ್ನು ಎಷ್ಟು ಬಿಗಿಯಬೇಕು? ವೀಣೆಯ ತಂತಿಯಂತೆ ನೇರವಾಗಿರಲಿ ಎಂದು ಎಲ್ಲರಿಗೂ ಆಸೆ. ಆ ಆಸೆಯಿಂದಲೇ ಕಂಬಗಳು ಒಳಕ್ಕೆ ಬಾಗುತ್ತವೆ. ಬಟ್ಟೆ, ಕೋಲು, ಉಂಗುರ ಸೇರಿ ಒಂದೊಂದು ರೋಪಿನ ಮೇಲೆ ಸುಮಾರು ಎರಡೂವರೆ ಕೆ.ಜಿ. ತೂಕ ಬೀಳುತ್ತದೆ. ಹನ್ನೆರಡಡಿಯ ನಡುವೆ ಎರಡು ಇಂಚು ಜೋಲು ಬಿಟ್ಟರೆ ರೋಪಿನ ಎಳೆತ ಸುಮಾರು 23 ಕೆ.ಜಿ. ಜೋಲನ್ನು ಒಂದಿಂಚಿಗೆ ಇಳಿಸಿದರೆ 45, ಅರ್ಧ ಇಂಚಿಗೆ ಇಳಿಸಿದರೆ 90. ನಾಲ್ಕು ರೋಪು ಸೇರಿದರೆ ಪಶ್ಚಿಮದ ತೊಲೆಯನ್ನು ಹಗಲೂ ರಾತ್ರಿ 360 ಕೆ.ಜಿ. ಬಲದಿಂದ ಜಗ್ಗುತ್ತಿರುವ ಹಾಗೆ. ಎರಡು ಇಂಚಿನ ಜೋಲು ಕಣ್ಣಿಗೆ ಕಾಣುವುದಿಲ್ಲ, ನೆರಳೂ ಕಡಿಮೆಯಾಗುವುದಿಲ್ಲ. ಅಷ್ಟನ್ನು ಬಿಡಿ.

ಕೋಲಿಗೆ ಮುಕ್ಕಾಲು ಇಂಚಿನ ಅಲ್ಯೂಮಿನಿಯಂ ಪೈಪು ಒಳ್ಳೆಯದು. ವಿದ್ಯುತ್ ವೈರಿಂಗಿನ ಪ್ಲಾಸ್ಟಿಕ್ ಪೈಪು ಅಗ್ಗವೆಂದು ಹಾಕಿದರೆ ಒಂದೇ ಬೇಸಿಗೆಯಲ್ಲಿ ಬಿಲ್ಲಿನಂತೆ ಬಾಗುತ್ತದೆ. ಕಬ್ಬಿಣದ ಸರಳು ತುಕ್ಕಿನ ಕಲೆ ಬಿಡುತ್ತದೆ. ಪ್ರತಿ ಕೋಲಿನ ಎರಡೂ ತುದಿ ಬಟ್ಟೆಯಿಂದ ಎರಡೆರಡು ಇಂಚು ಹೊರಗೆ ಬರುತ್ತದಲ್ಲ, ಅಲ್ಲಿ ತೂತು ಕೊರೆದು ಒತ್ತಿದರೆ ಬಾಯಿ ತೆರೆಯುವ ಸ್ಟೀಲಿನ ಸ್ನ್ಯಾಪ್ ಹುಕ್ಕು ಹಾಕಿ ರೋಪಿಗೆ ಸಿಕ್ಕಿಸಿ. ಉಂಗುರಕ್ಕಿಂತ ಹುಕ್ಕು ಲೇಸು. ಬಟ್ಟೆಯನ್ನು ಒಗೆಯಲು ಇಳಿಸುವಾಗ ರೋಪನ್ನು ಬಿಚ್ಚಬೇಕಾಗುವುದಿಲ್ಲ. ಹುಕ್ಕು ಸರಾಗವಾಗಿ ಜಾರಲು ರೋಪಿಗೆ ಮೇಣದ ಬತ್ತಿ ಉಜ್ಜಿ. ಎಣ್ಣೆ ಹಚ್ಚಿದರೆ ಧೂಳು ಮೆತ್ತಿಕೊಂಡು ಕಪ್ಪು ಮಸಿ ಬಟ್ಟೆಗೆ ಇಳಿಯುತ್ತದೆ.

ಬಟ್ಟೆಯ ಆಯ್ಕೆ. ಹತ್ತಿಯ ಕ್ಯಾನ್ವಾಸು ನೋಡಲು ಚೆಂದ, ಅದರ ಕೆಳಗಿನ ತಂಪೂ ಹಿತ. ಆದರೆ ಒದ್ದೆಯಾದರೆ ಕುಗ್ಗುತ್ತದೆ, ಮಳೆಗಾಲದಲ್ಲಿ ಮಡಚಿಟ್ಟರೆ ವಾರದೊಳಗೆ ಕರಿಬೂಷ್ಟು ಹಿಡಿಯುತ್ತದೆ. ಹಳೆಯ ಫ್ಲೆಕ್ಸ್ ಬ್ಯಾನರನ್ನು ಕೆಲವರು ಬಳಸುತ್ತಾರೆ. ಅದು ಉಸಿರಾಡುವುದಿಲ್ಲ, ಕೆಳಗೆ ಕುಳಿತರೆ ಬೇಯುತ್ತದೆ, ಮಡಿಕೆಯಲ್ಲಿ ಬಿರುಕು ಬಿಡುತ್ತದೆ. ದುಡ್ಡು ಹೊಂದುವುದಾದರೆ ನೂಲುವ ಮುಂಚೆಯೇ ಬಣ್ಣ ಬೆರೆಸಿದ ಅಕ್ರಿಲಿಕ್ ಬಟ್ಟೆಯನ್ನು ತೆಗೆದುಕೊಳ್ಳಿ. ಬೀಟ್‌ರೂಟನ್ನು ಕೊಯ್ದರೆ ಒಳಗೂ ಅದೇ ಬಣ್ಣವಿರುವಂತೆ ಅದರ ಎಳೆಯ ಒಡಲಲ್ಲೇ ಬಣ್ಣ ಇರುತ್ತದೆ, ಬಿಸಿಲಿಗೆ ಬೇಗ ಮಾಸುವುದಿಲ್ಲ. ಚದರ ಮೀಟರಿಗೆ 300 ಗ್ರಾಂ ಆಸುಪಾಸಿನ ತೂಕದ್ದನ್ನು ಕೇಳಿ. ಅದಕ್ಕಿಂತ ದಪ್ಪವಾದದ್ದನ್ನು ಮನೆಯ ಯಂತ್ರ ತಡೆಯಲಾರದು. ಬಣ್ಣ ಮರಳಿನದೋ ತಿಳಿ ಕಾವಿಯದೋ ಇರಲಿ. ಅಚ್ಚ ಬಿಳಿ ಕಣ್ಣು ಕುಕ್ಕುತ್ತದೆ. ಹಸಿರಿನ ಕೆಳಗೆ ಕುಳಿತವರ ಮುಖ, ತಟ್ಟೆಯಲ್ಲಿನ ಅನ್ನ ಎಲ್ಲವೂ ಹಸಿರಾಗಿ ಕಾಣುವುದನ್ನು ನೀವು ಬಲೆ ಕಟ್ಟಿದಾಗಲೇ ನೋಡಿರುತ್ತೀರಿ.

ಎಷ್ಟು ಬಟ್ಟೆ ಬೇಕು? ಕೋಲಿನಿಂದ ಕೋಲಿಗೆ 18 ಇಂಚು ಇಟ್ಟರೆ ಹನ್ನೆರಡಡಿಗೆ ಎಂಟು ಅಂಕಣ, ಒಂಬತ್ತು ಕೋಲು. ಬಟ್ಟೆ ಎಳೆದು ಹರಡಿದಾಗಲೂ ಪ್ರತಿ ಅಂಕಣದಲ್ಲಿ ನಾಲ್ಕಿಂಚು ಕೆಳಗೆ ತೂಗಬೇಕು. ಹಾಗಿದ್ದರೆ ಮಾತ್ರ ಮಡಚುವಾಗ ನೆರಿಗೆ ತಾನಾಗಿ ಕೆಳಮುಖವಾಗಿ ಬೀಳುತ್ತದೆ. ಈ ತೂಗಿಗೆ 18 ಇಂಚಿನ ಅಂಕಣಕ್ಕೆ ಸುಮಾರು ಇಪ್ಪತ್ತೂವರೆ ಇಂಚು ಬಟ್ಟೆ ಹಿಡಿಯುತ್ತದೆ. ಕೋಲು ತೂರಿಸಲು ಮಡಚಿ ಹೊಲಿಯುವ ಪ್ರತಿ ತೋಳಿಗೆ ಮೂರು ಇಂಚು, ಎರಡು ತುದಿಯ ಅಂಚಿಗೆ ಆರು ಇಂಚು. ಎಲ್ಲ ಕೂಡಿದರೆ ಒಂದು ಸಾಲಿಗೆ 197 ಇಂಚು, ಸರಿಯಾಗಿ ಐದು ಮೀಟರ್. ಎರಡು ಸಾಲಿಗೆ ಹತ್ತು. ಹತ್ತೂವರೆ ಮೀಟರ್ ಕೊಳ್ಳಿ. ಥಾನಿನ ಅಗಲ 56 ಇಂಚಿಗಿಂತ ಕಡಿಮೆ ಇರಬಾರದು.

ಇಲ್ಲೊಂದು ಅನುಕೂಲವಿದೆ. ಐದೂವರೆ ಮೀಟರಿನ ಹಳೆಯ ಸೀರೆಯ ಉದ್ದ ನಿಮ್ಮ ಒಂದು ಸಾಲಿಗೆ ಹೆಚ್ಚುಕಡಿಮೆ ಸರಿಹೊಂದುತ್ತದೆ, ಅಗಲ ಮಾತ್ರ ಸ್ವಲ್ಪ ಕಡಿಮೆ. ದುಬಾರಿ ಬಟ್ಟೆಗೆ ಕತ್ತರಿ ಹಾಕುವ ಮೊದಲು ಬೀರುವಿನಲ್ಲಿರುವ ಹತ್ತಿಯ ಹಳೆಯ ಸೀರೆಯೊಂದಕ್ಕೆ ದೊಡ್ಡ ಹೊಲಿಗೆಯಲ್ಲಿ ಒಂಬತ್ತು ತೋಳು ಹಾಕಿ, ಕೋಲು ತೂರಿಸಿ, ರೋಪಿಗೆ ಸಿಕ್ಕಿಸಿ ಒಂದು ವಾರ ಬಳಸಿ ನೋಡಿ. ಯಾವ ಹುಕ್ಕು ಎಲ್ಲಿ ಸಿಕ್ಕಿಕೊಳ್ಳುತ್ತದೆ, ನೆರಿಗೆ ಎತ್ತ ಬೀಳುತ್ತದೆ, ನಾಲ್ಕು ಗಂಟೆಗೆ ಬಿಸಿಲು ಎಲ್ಲಿಂದ ತೂರುತ್ತದೆ, ಎಲ್ಲವನ್ನೂ ಆ ಸೀರೆಯೇ ತೋರಿಸಿಕೊಡುತ್ತದೆ. ನನ್ನ ಬಳಿ ಕೇಳಲು ಬರುವ ಎಲ್ಲರಿಗೂ ಇದನ್ನೇ ಹೇಳುತ್ತೇನೆ. ಸೀರೆ ಕಟ್ಟಿ ನೋಡಿದವರು ಅಳತೆಯಲ್ಲಿ ಒಂದಲ್ಲ ಒಂದು ಬದಲಾವಣೆ ಮಾಡಿಯೇ ಮಾಡುತ್ತಾರೆ.

ಹೊಲಿಗೆಯಲ್ಲಿ ನಿಮಗೆ ಅನುಭವವಿದೆ, ಹಾಗಾಗಿ ನಾಲ್ಕೇ ಮಾತು. ಸೂಜಿ 16 ಅಥವಾ 18ನೇ ನಂಬರಿನದು, ಹೊಲಿಗೆಯ ಉದ್ದ 4 ಮಿಲಿಮೀಟರ್. ದಾರ ಪಾಲಿಯೆಸ್ಟರ್ ಆಗಿರಲೇಬೇಕು, ಬಾಬಿನ್ನಿನಲ್ಲೂ ಅದೇ ಇರಬೇಕು. ಹತ್ತಿಯ ದಾರ ಬಿಸಿಲು ಮಳೆಗೆ ಕೊಳೆತು, ಬಟ್ಟೆ ಗಟ್ಟಿಯಾಗಿದ್ದರೂ ಹೊಲಿಗೆ ಬಾಯಿ ಬಿಡುತ್ತದೆ. ಗುಂಡುಸೂಜಿ ಚುಚ್ಚಿದರೆ ಆ ತೂತುಗಳು ಅಕ್ರಿಲಿಕ್‌ನಲ್ಲಿ ಹಾಗೇ ಉಳಿಯುತ್ತವೆ, ಬಟ್ಟೆ ಒಣಹಾಕುವ ಕ್ಲಿಪ್ಪುಗಳಿಂದ ಮಡಿಕೆಯನ್ನು ಹಿಡಿದುಕೊಳ್ಳಿ. ಉದ್ದದ ಅಂಚಿನ ಮಡಿಕೆಯೂ ತೋಳಿನ ಮಡಿಕೆಯೂ ಕೂಡುವಲ್ಲಿ ಆರೇಳು ಪದರ ಬರುತ್ತದೆ. ಅಲ್ಲಿ ಮೋಟಾರಿನ ಪೆಡಲ್ ಒತ್ತದೆ ಚಕ್ರವನ್ನು ಕೈಯಿಂದಲೇ ತಿರುಗಿಸಿ ಒಂದೊಂದೇ ಹೊಲಿಗೆ ಹಾಕಿ.

ಈಗ ಹಗ್ಗ. ನನ್ನ ಮಟ್ಟಿಗೆ ಇಡೀ ಕೆಲಸದ ಜೀವಾಳ ಇದೇ. ಪೂರ್ವದ ಮೊದಲ ಕೋಲನ್ನು ತೊಲೆಗೆ ಕಟ್ಟಿಬಿಡಿ, ಅದು ಅಲುಗುವುದಿಲ್ಲ. ಪಶ್ಚಿಮದ ಕೊನೆಯ ಕೋಲೇ ಮುಂದಾಳು. 6 ಮಿಲಿಮೀಟರಿನ ಪಾಲಿಯೆಸ್ಟರ್ ಹಗ್ಗವನ್ನು ಆ ಕೋಲಿನ ನಟ್ಟನಡುವೆ ಕಟ್ಟಿ, ಪಶ್ಚಿಮದ ತೊಲೆಯ ರಾಟೆಯನ್ನು ಸುತ್ತಿಸಿ, ಬಟ್ಟೆಯ ಮೇಲಿನಿಂದ ಪೂರ್ವಕ್ಕೆ ತಂದು, ಅಲ್ಲಿನ ಒಂದು ರಾಟೆಯಿಂದ ಕೆಳಗಿಳಿಸಿ. ಹಗ್ಗದ ಇನ್ನೊಂದು ಕೊನೆ ಮುಂದಾಳು ಕೋಲಿನಿಂದ ನೇರ ಪೂರ್ವಕ್ಕೆ ಬಂದು ಇನ್ನೊಂದು ರಾಟೆಯಿಂದ ಇಳಿಯಲಿ. ಒಂದನ್ನು ಎಳೆದರೆ ಬಟ್ಟೆ ಹರಡುತ್ತದೆ, ಇನ್ನೊಂದನ್ನು ಎಳೆದರೆ ಮಡಚುತ್ತದೆ. ಹಗ್ಗವನ್ನು ಕೋಲಿನ ಒಂದು ಮೂಲೆಗೆ ಕಟ್ಟಿದರೆ, ಓರೆಯಾಗಿ ಎಳೆದ ಮೇಜಿನ ಖಾನೆಯಂತೆ ಸಿಕ್ಕಿಕೊಳ್ಳುತ್ತದೆ. ನಡುವೆಯೇ ಕಟ್ಟಬೇಕು.

ಹಗ್ಗವನ್ನು ನಿಲ್ಲಿಸಲು ಗಂಟು ಹಾಕಬೇಡಿ. ವರ್ಷಗಳ ಹಿಂದೆ ನಮ್ಮ ಮನೆಯ ತಾರಸಿಗೆ ಮಾಡಿಕೊಂಡ ಮೊದಲ ಚಪ್ಪರದಲ್ಲಿ ನಾನು ನೈಲಾನ್ ಹಗ್ಗವನ್ನು ಕಂಬಕ್ಕೆ ಎರಡು ಸುತ್ತು ಸುತ್ತಿ ಗಂಟು ಹಾಕುತ್ತಿದ್ದೆ. ಮೇ ತಿಂಗಳ ಒಂದು ಸಂಜೆ ಆಲಿಕಲ್ಲಿನ ಮಳೆ ಬಂತು. ಗಾಳಿ ಬಟ್ಟೆಯನ್ನು ಎತ್ತಿದಷ್ಟೂ ಗಂಟು ಬಿಗಿಯಾಯಿತು, ಒದ್ದೆ ಬೆರಳಿಗೆ ಅದು ಕಲ್ಲಿನಂತಾಗಿತ್ತು. ಚಾಕು ತರಲು ನಾನು ಕೆಳಗಿಳಿದು ಬರುವಷ್ಟರಲ್ಲಿ ಕಣ್ಣಿನ ಬೋಲ್ಟು ಕಿತ್ತು, ಮುಂದಾಳು ಕೋಲು ನೀರಿನ ಟ್ಯಾಂಕಿಗೆ ಬಡಿದು ಅದನ್ನು ಒಡೆದಿತ್ತು. ಆ ಹೊತ್ತಿನಲ್ಲಿ ಮಕ್ಕಳು ಅಲ್ಲಿ ಇರಲಿಲ್ಲ. ಇಂದಿಗೂ ಅದನ್ನು ನೆನೆದರೆ ಮೈ ಜುಂ ಎನ್ನುತ್ತದೆ. ಹಗ್ಗ ನಿಲ್ಲಿಸಲು ಎರಡು ಕೊಂಬಿನ ಕೊಂಡಿ ಸಿಗುತ್ತದೆ, ಬಾವುಟದ ಕಂಬದಲ್ಲಿ ಇರುತ್ತದಲ್ಲ ಅಂಥದು. ಅದಕ್ಕೆ ಎಂಟರ ಆಕಾರದಲ್ಲಿ ಎರಡು ಸುತ್ತು ಸಾಕು. ಎಷ್ಟೇ ಎಳೆತವಿದ್ದರೂ ಒಂದು ಕ್ಷಣದಲ್ಲಿ ಬಿಚ್ಚಬಹುದು.

ಮಡಚಿದ ಬಟ್ಟೆ ಪೂರ್ವದ ತೊಲೆಯ ಬಳಿ ಒಂದೂವರೆ ಅಡಿಯೊಳಗೆ ಕೂರುತ್ತದೆ. ಅದರ ಮೇಲೆ ಎರಡಡಿ ಅಗಲದ ತಗಡನ್ನು ಹೊರಕ್ಕೆ ಇಳಿಜಾರಾಗಿ ಹೊದಿಸಿ. ಮಡಚಿಟ್ಟ ಬಟ್ಟೆಯ ಮೇಲ್ಭಾಗವೇ ಸದಾ ಬಿಸಿಲಿಗೆ ಒಡ್ಡಿಕೊಂಡು ಬೇಗ ಹಾಳಾಗುವುದು. ಒದ್ದೆಯಾದದ್ದನ್ನು ಮಡಚಬೇಕಾಗಿ ಬಂದರೆ ಮರುದಿನ ಬೆಳಗ್ಗೆಯೇ ಹರಡಿ ಒಣಗಿಸಿ. ಕೆಲವು ದಿನ ಮಡಚಿಯೇ ಇಟ್ಟಿದ್ದರೆ ಎಳೆಯುವ ಮುನ್ನ ನೆರಿಗೆಯೊಳಗೆ ಕಣಜ ಗೂಡು ಕಟ್ಟಿದೆಯೇ ಎಂದು ಕೋಲಿನಿಂದ ತಟ್ಟಿ ನೋಡಿ.

ಆಷಾಢದ ಗಾಳಿ ನಿಮಗೆ ಗೊತ್ತೇ ಇದೆ, ಅದು ಬರುವುದೂ ನಿಮ್ಮ ತೆರೆದ ಪಶ್ಚಿಮದಿಂದಲೇ. ಜೂನ್ ಮೊದಲ ವಾರದಲ್ಲಿ ಹುಕ್ಕು ಬಿಚ್ಚಿ ಬಟ್ಟೆಯನ್ನು, ಪಶ್ಚಿಮದ ಬಲೆಯನ್ನು ಕೆಳಗಿಳಿಸಿ, ಸಾಬೂನು ನೀರಿನಲ್ಲಿ ಮೆದು ಬ್ರಷ್‌ನಿಂದ ತೊಳೆದು, ಪೂರ್ತಿ ಒಣಗಿಸಿ ಒಳಗಿಡಿ. ಆಗಸ್ಟ್ ಮೂರನೇ ವಾರಕ್ಕೆ ಸೂರ್ಯ ಮತ್ತೊಮ್ಮೆ ನೆತ್ತಿಗೆ ಬರುತ್ತಾನೆ. ಗಾಳಿಯೂ ಇಳಿಮುಖವಾಗಿರುತ್ತದೆ, ಆಗ ಮತ್ತೆ ಕಟ್ಟಬಹುದು. ದೀಪಾವಳಿಯ ಮೂರು ರಾತ್ರಿ ಬಟ್ಟೆ ಮೇಲೆ ಇರಬಾರದು. ಪಕ್ಕದ ಬೀದಿಯ ರಾಕೆಟ್ಟಿನ ಒಂದು ಕಿಡಿ ಅಕ್ರಿಲಿಕ್ಕಿನಲ್ಲಿ ತೂತು ಮಾಡುತ್ತದೆ, ಮೋಡ ಕವಿದ ದಿನದ ಮಳೆಗಿಂತ ಅದು ದೊಡ್ಡ ನಷ್ಟ.

ಕೊನೆಗೆ ಮೋಟಾರು. ಬೇಡ. ಐದು ಕೆ.ಜಿ. ತೂಕದ ಬಟ್ಟೆಯನ್ನು ರಾಟೆಯ ಮೇಲೆ ಎಳೆಯಲು ಬಾವಿಯಿಂದ ಅರ್ಧ ಕೊಡ ನೀರು ಸೇದುವಷ್ಟು ಶಕ್ತಿಯೂ ಬೇಕಿಲ್ಲ. ಅದಕ್ಕಿಂತ ಮುಖ್ಯವಾಗಿ, ಬಿರುಗಾಳಿ ಎದ್ದ ಕೂಡಲೇ ನಮ್ಮ ಊರುಗಳಲ್ಲಿ ಕರೆಂಟು ಹೋಗುತ್ತದೆ. ಬಟ್ಟೆಯನ್ನು ಒಳಕ್ಕೆ ಎಳೆಯಬೇಕಾದ ಆ ಹೊತ್ತಿಗೇ ಮೋಟಾರು ಸುಮ್ಮನೆ ನಿಂತಿರುತ್ತದೆ. ಆ ಹಣದಲ್ಲಿ ಬೇರಿಂಗ್ ಇರುವ ಒಳ್ಳೆಯ ರಾಟೆಗಳನ್ನು ಕೊಳ್ಳಿ. ಹಗ್ಗ ಕಟ್ಟುವ ಕೊಂಡಿಯನ್ನು ಮೆಟ್ಟಿಲ ಕೋಣೆಯ ಗೋಡೆಗೆ, ಅಮ್ಮನ ಕುರ್ಚಿಯ ಬಲಗೈ ಬದಿಗೆ, ನೆಲದಿಂದ ಮೂರಡಿ ಎತ್ತರದಲ್ಲಿ ಹಾಕಿಸಿ. ಮಡಚುವ ಹಗ್ಗಕ್ಕೆ ಕೆಂಪು ಬಟ್ಟೆಯ ತುಂಡೊಂದನ್ನು ಕಟ್ಟಿ. ಸೀರೆ ಕಟ್ಟಿದ ವಾರದಲ್ಲೇ ಅವರ ಕೈಯಿಂದ ಎಳೆಸಿ ನೋಡಿ. ಕುಳಿತಲ್ಲಿಂದಲೇ ಎರಡೂ ಸಾಲುಗಳನ್ನು ಅರ್ಧ ನಿಮಿಷದಲ್ಲಿ ಅವರು ಮಡಚಿದರೆ ಅಂದೇ ಅಂಗಡಿಗೆ ಹೋಗಿ ಬಟ್ಟೆ ತನ್ನಿ. ಮಡಚಲು ಕಷ್ಟವಾದರೆ ರಾಟೆಯ ಜಾಗ, ರೋಪಿನ ಮೇಣ, ಹುಕ್ಕಿನ ಸಡಿಲ ಈ ಮೂರನ್ನು ಸರಿಪಡಿಸಿ, ಇನ್ನೊಂದು ವಾರ ಸೀರೆಯೇ ಇರಲಿ.